ಕಪ್ಪುಹಲಗೆಯ ಮೇಲಿನ ಮೊಟ್ಟೆ

2002ರಲ್ಲಿ ನಾನು ಎರಡನೇ ಬಿ.ಎ. ಓದುತ್ತಿದ್ದೆ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಚೀನಾ ರೇಷ್ಮೆ ಬಂದು ಗೂಡಿನ ರೇಟು ಬಿದ್ದುಹೋಗಿತ್ತು. ಒಂದು ರಾತ್ರಿ ಅಪ್ಪ ಮಾರ್ಕೆಟ್ಟಿನಿಂದ ಬಂದವರೇ ಖಾಲಿ ಚೀಲಗಳನ್ನು ಮೂಲೆಗೆ ಹಾಕಿ, ಊಟಕ್ಕೂ ಕೂರದೆ ಮಲಗಿಬಿಟ್ಟರು. ಮಾರನೇ ದಿನ ಕ್ಲಾಸಿನಲ್ಲಿ ಎದ್ದು ಕೇಳಿದೆ: "ಹೊರಗಿನ ಮಾಲಿಗೆ ಜೋರಾಗಿ ಸುಂಕ ಹಾಕಿದರೆ ಮುಗೀತಲ್ವಾ ಸರ್?"

ಅರ್ಥಶಾಸ್ತ್ರದ ಮೇಷ್ಟ್ರು ಹಲಗೆ ಒರೆಸಿ ಒಂದು ಮೊಟ್ಟೆ ಬರೆದರು.

ಅದು ಅಮೆರಿಕದ ಕಥೆ. ರೈತರಿಗೆ ಆಸರೆಯಾಗುತ್ತೇನೆ ಎಂದು, ಮುಂದೆ ಅಧ್ಯಕ್ಷರಾದ ಹೂವರ್ 1928ರ ಚುನಾವಣೆಯಲ್ಲಿ ಮಾತು ಕೊಟ್ಟಿದ್ದರು. ಹೊರಗಿನ ಮಾಲಿಗೆ ಸುಂಕ ಏರಿಸುವ ಮಸೂದೆ ಬಂದಾಗ ಕಾರ್ಖಾನೆಯವರೂ ನಮಗೂ ಇರಲಿ ಎಂದು ನುಗ್ಗಿದರು. 1,028 ಅರ್ಥಶಾಸ್ತ್ರಜ್ಞರು ಬೇಡ ಎಂದು ಬರೆದುಕೊಟ್ಟರೂ ಸ್ಮೂಟ್-ಹಾಲಿ ಎಂಬ ಆ ಸುಂಕದ ಕಾಯ್ದೆಗೆ 1930ರ ಜೂನ್ 17ರಂದು ಸಹಿ ಬಿತ್ತು.

"ಈಗ ಮೊಟ್ಟೆ ನೋಡಿ" ಅಂದರು ಮೇಷ್ಟ್ರು. ಕೆನಡಾದಿಂದ ಅಮೆರಿಕಕ್ಕೆ ಬರುತ್ತಿದ್ದದ್ದು ವರ್ಷಕ್ಕೆ ಬರೀ 13 ಸಾವಿರ ಚಿಲ್ಲರೆ ಡಜನ್. ಅದನ್ನು ತಡೆಯಲು ಡಜನ್ನಿಗೆ 8 ಸೆಂಟ್ ಇದ್ದ ಸುಂಕವನ್ನು 10 ಮಾಡಿದರು. ಕೆನಡಾದವರು ಸುಮ್ನೆ ಕೂರಲಿಲ್ಲ, ತಮ್ಮ 3 ಸೆಂಟನ್ನು 10ಕ್ಕೆ ಏರಿಸಿದರು. 1929ರಲ್ಲಿ ಅಮೆರಿಕದ ರೈತರು ಕೆನಡಾಕ್ಕೆ 9 ಲಕ್ಷಕ್ಕೂ ಜಾಸ್ತಿ ಡಜನ್ ಮೊಟ್ಟೆ ಕಳಿಸಿದ್ದರು. 1932ರಲ್ಲಿ ಅದು 14 ಸಾವಿರ ಡಜನ್ನೂ ದಾಟಲಿಲ್ಲ. ಯಾರ ಹೆಸರು ಹೇಳಿಕೊಂಡು ಕಾಯ್ದೆ ತಂದರೋ ಅವರ ಮೊಟ್ಟೆಯೇ ಬುಟ್ಟಿಯಲ್ಲಿ ಉಳಿಯಿತು. 1930ರ ದಶಕದ ಮಹಾ ಆರ್ಥಿಕ ಕುಸಿತಕ್ಕೆ ಇದೊಂದೇ ಕಾರಣ ಎಂದು ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಕೊಡಲ್ಲ ಎಂದೂ ಸೇರಿಸಿದರು. 1929ರಲ್ಲೇ ಷೇರುಪೇಟೆ ಬಿದ್ದಿತ್ತಲ್ಲ. ಆ ಪ್ರಾಮಾಣಿಕತೆ ನನಗೆ ಇವತ್ತಿಗೂ ದೊಡ್ಡದು.

ನನಗೆ ಸಮಾಧಾನವಾಗಲಿಲ್ಲ. "ಹಾಗಾದರೆ ನಮ್ಮಪ್ಪ ಏನು ಮಾಡಬೇಕು ಸರ್?" ಎಂದೆ. ಗಂಟಲು ಕಟ್ಟಿತ್ತು. ಅವರು ರೇಗಲಿಲ್ಲ. ಹತ್ತಿರ ಬಂದು, "ನಿನ್ನ ಪ್ರಶ್ನೆ ಸರಿಯಾಗಿದೆ ಕಣಯ್ಯಾ. ಉತ್ತರ ನನ್ನ ಹತ್ತಿರವೂ ಪೂರ್ತಿ ಇಲ್ಲ. ದೊಡ್ಡಬಳ್ಳಾಪುರಕ್ಕೆ ಹೋಗಿ ಮಗ್ಗದವರನ್ನೂ ಒಂದು ಮಾತು ಕೇಳಿ ಬಾ" ಅಂದರು.

ಶನಿವಾರ ಹೋದೆ. ಮಗ್ಗಗಳ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕಿತ್ತು. ಒಬ್ಬರು ಮಗ್ಗ ನಿಲ್ಲಿಸಿ, ಟೀ ತರಿಸಿ, ನೂಲಿನ ಕಂಡಿಕೆಯೊಂದನ್ನು ನನ್ನ ಕೈಗಿಟ್ಟರು. "ಇದರ ರೇಟು ಏರಿದರೆ ನಾನು ಸೀರೆ ಯಾರಿಗೆ ಮಾರಲಿ ತಮ್ಮಾ?" ಅಂದರು. ಆ ಕಂಡಿಕೆ ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ನೂಲಿನ ಎಳೆ ಹಿಡಿದು ಬಹಳ ಹೊತ್ತು ನೋಡುತ್ತಾ ಕೂತರು.