ಉಸ್ತಾ ಕೊಟ್ಟ ಚಹಾ

ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ಭಾನುವಾರವೇ ಕಟಿಂಗ್ ಮಾಡಿಸಲು ಹೊರಟಿದ್ದೆ. ಬಾಗೇವಾಡಿ ತಾಲ್ಲೂಕಿನ ನಮ್ಮ ಊರಿನವರಿಗೆ ಕಟಿಂಗ್ ಎಂದರೆ ಭಾನುವಾರ. ಮಂಗಳವಾರ ಅಂಗಡಿಗೆ ರಜೆ, ಅಮಾವಾಸ್ಯೆಯ ದಿನ ಮನೆಯಲ್ಲಿ ಬಿಡುವುದಿಲ್ಲ, ಉಳಿದ ದಿನ ಶಾಲೆ. ಇಲ್ಲಿ ನೋಡಿದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತ್ತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ಬಿಡುವು, ಕ್ಷೌರದವರು ಬಹಳ ಕಡೆ ಸೋಮವಾರವೂ ತೆರೆಯುವುದಿಲ್ಲ ಎಂದು ಆಮೇಲೆ ತಿಳಿಯಿತು.

ಮುಂದಿನ ವಾರ ಕಚೇರಿಯ ಹತ್ತಿರದ ಒಂದು ಸಲೂನಿಗೆ ಹೋದೆ. 38 ಯೂರೋ. ಮಿಷನ್ ಹಿಡಿದ ಹುಡುಗಿ ಎಷ್ಟು ಮಿಲಿಮೀಟರ್ ಎಂದು ಕೇಳಿದಳು. ಊರಿನಲ್ಲಿ ‘ಸಣ್ಣಗೆ ಮಾಡಿ’ ಎಂದರೆ ಮುಗಿಯಿತು, ತಲೆಗೂದಲಿಗೆ ಅಳತೆ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದ ಜರ್ಮನ್ ಅಂಕಿ ಹೇಳಿದೆ: ಮೂರು. ಆ ರಾತ್ರಿ ವಿಡಿಯೋ ಕರೆಯಲ್ಲಿ ನನ್ನ ತಲೆ ಕಂಡ ಅವ್ವ ಒಂದು ಕ್ಷಣ ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ, “ಯಾರಿಗೆ ಏನಾಯಿತು?” ಎಂದಳು.

ಕ್ಷೌರದ ಉಸ್ತಾ ಸಿಕ್ಕಿದ್ದು ಆರು ವಾರಗಳ ನಂತರ, ಸ್ಟುಟ್‌ಗಾರ್ಟ್‌ನದೇ ಭಾಗವಾದ ಬಾಡ್ ಕಾನ್‌ಸ್ಟಾಟ್‌ನಲ್ಲಿ. ಎರಡೇ ಕುರ್ಚಿಗಳ ಅಂಗಡಿ. ಪಶ್ಚಿಮ ಜರ್ಮನಿ 1961ರಲ್ಲಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತಲ್ಲ, ಹಾಗೆ ಕಾರ್ಖಾನೆಗೆ ಬಂದವರ ಮಗ ಇವರು. ನನ್ನ ಜರ್ಮನ್ ಕುಂಟುತ್ತಿತ್ತು, ತುರ್ಕಿ ಭಾಷೆ ಬರುತ್ತಿರಲಿಲ್ಲ. ಆದರೂ ಅವರು ಸಹಾಯಕನಿಗೆ ಹೇಳುವ ಮಾತುಗಳಲ್ಲಿ ನನಗೆ ಗೊತ್ತಿದ್ದ ಪದಗಳು ಒಂದೊಂದಾಗಿ ಕೇಳಿಸತೊಡಗಿದವು. ಸಾಬೂನು ಅವರಿಗೆ ‘ಸಬುನ್’. ಕನ್ನಡಿ ‘ಆಯ್ನಾ’, ವಿಜಯಪುರದ ಪೇಟೆಯಲ್ಲಿ ಕೇಳಿದ ಐನಾ ಇದೇ. ಲೆಕ್ಕ ‘ಹೆಸಾಪ್’, ನಮ್ಮ ಹಿಸಾಬು. ಕುರ್ಚಿಯಲ್ಲಿ ಕುಳಿತೇ ಇವನ್ನು ಎಣಿಸುತ್ತ ಹೋದೆ, ಮೈಯಲ್ಲಿದ್ದ ಬಿಗುವು ತಾನಾಗಿ ಸಡಿಲಿತು. ಆ ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಉಸ್ತಾ’ ಎಂದು. ನಾವು ಉಸ್ತಾದ ಎನ್ನುವುದಿಲ್ಲವೇ, ಅದು.

ಕೊನೆಗೆ ಕಿವಿಯ ಸರದಿ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಬೆಂಕಿ ಹಚ್ಚುತ್ತಾರೆ. ಒಂದು ಅಂಗೈ ನನ್ನ ಕೆನ್ನೆಗೆ ಅಡ್ಡ. ಉರಿಯುವ ಹತ್ತಿ ಕಿವಿಗೆ ತಟ್, ತಟ್ ಎಂದು ಎರಡು ಸಲ ಬಡಿದು ಹೋಗುತ್ತದೆ. ಚರ್ಮಕ್ಕೆ ಬಿಸಿ ತಾಗಿತು ಅನ್ನುವಷ್ಟರಲ್ಲಿ ಬೆರಳುಗಳು ಅದನ್ನು ಒರೆಸಿಬಿಟ್ಟಿರುತ್ತವೆ. ಸುಟ್ಟ ಕೂದಲಿನ ವಾಸನೆಯ ಹಿಂದೆಯೇ ಕೊಲೋನ್ಯಾ ಎಂಬ ನಿಂಬೆಯ ಸುಗಂಧದ ನೀರು ಕುತ್ತಿಗೆಗೆ ಬೀಳುತ್ತದೆ. ಬಟ್ಟೆ ಕೊಡವುತ್ತ ಅವರು “ಸಿಹ್ಹತ್ಲೆರ್ ಒಲ್ಸುನ್” ಎನ್ನುತ್ತಾರೆ. ಕ್ಷೌರವಾದವರಿಗೆ, ಸ್ನಾನ ಮಾಡಿ ಬಂದವರಿಗೆ ತುರ್ಕಿಯವರು ಹೇಳುವ ಮಾತು, ಆರೋಗ್ಯವಾಗಿರಲಿ ಎಂದು. ಸೆಹತ್ತು! ನಮ್ಮಲ್ಲಿ ಕಟಿಂಗ್ ಮಾಡಿಸಿಕೊಂಡು ಬಂದವನಿಗೆ ‘ಏನನ್ನೂ ಮುಟ್ಟಬೇಡ, ನೇರ ಬಚ್ಚಲಿಗೆ ಹೋಗು’ ಎಂದು ಹೇಳುತ್ತಾರೆ.

ಮೊದಲ ಸಲ ಹೋದಾಗಲೇ ಅವರು ನನಗೆ ಚಹಾ ಕೊಟ್ಟರು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಅವರ ಕೈಯಲ್ಲೂ ಅಂಥದ್ದೇ. ಎದುರಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಮೈಸ್ಟರ್, ಅಂದರೆ ಕಸುಬಿನಲ್ಲಿ ನುರಿತ ಗುರು ಎಂಬ ಪ್ರಮಾಣಪತ್ರವಿತ್ತು. ಇಲ್ಲಿ ಕ್ಷೌರ ಕಲಿಯಲು ಮೂರು ವರ್ಷದ ತರಬೇತಿ, ಅದರ ಮೇಲೆ ನಾಲ್ಕು ಭಾಗಗಳ ಮೈಸ್ಟರ್ ಪರೀಕ್ಷೆ. ಕಲಿಸುವುದು ಹೇಗೆ ಎಂಬುದಕ್ಕೂ ಅದರಲ್ಲಿ ಪರೀಕ್ಷೆಯಿದೆ. ಅದನ್ನು ನೋಡುತ್ತ ಚಹಾ ಕುಡಿಯುವಾಗ ನಮ್ಮ ಊರಿನಲ್ಲಿ ಕಟಿಂಗ್ ಮಾಡುತ್ತಿದ್ದ ಅಜ್ಜ ನೆನಪಾದ. ಇಲ್ಲ, ನೆನಪಾದರು.

ಅವರು ಮನೆಗೇ ಬರುತ್ತಿದ್ದರು. ಕಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ತಲೆಯನ್ನು ಎರಡು ಮೊಳಕಾಲಿನ ನಡುವೆ ಹಿಡಿದು ಕತ್ತರಿ ಆಡಿಸುತ್ತಿದ್ದರು. ಒಮ್ಮೆಯೂ ಗಾಯವಾಗಿಲ್ಲ. ಸುಗ್ಗಿಯಲ್ಲಿ ಆಯದ ಜೋಳ ಹಾಕಿದರೆ ವರ್ಷದ ಲೆಕ್ಕ ತೀರಿತು. ಅವರಿಗೆ ಚಹಾ ಕೊಡುತ್ತಿದ್ದ ಬಟ್ಟಲು ಹೊರಗಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು, ಕುಡಿದು ಅವರೇ ತೊಳೆದಿಡಬೇಕು. ನನ್ನ ಅಪ್ಪನಿಗಿಂತ ಹಿರಿಯರನ್ನು ಹತ್ತು ವರ್ಷದ ನಾನು ‘ಬಾ’, ‘ಹೋಗು’ ಎನ್ನುತ್ತಿದ್ದೆ. ಅವರ ಕಸುಬಿಗೆ ನಮ್ಮ ಮನೆಯಲ್ಲಿ ಬಳಸುತ್ತಿದ್ದ ಹೆಸರನ್ನು ಇಲ್ಲಿ ಬರೆಯಲಾರೆ. ಬಸವಣ್ಣ ಹುಟ್ಟಿದ ತಾಲ್ಲೂಕು ನಮ್ಮದು. ಅವರ ಜೊತೆಗಿದ್ದ, ಕ್ಷೌರದ ಕಸುಬಿನ ಸಮುದಾಯದ ಶರಣ ಹಡಪದ ಅಪ್ಪಣ್ಣನವರ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಮನೆಗೆ ಬಂದರೆ ಅದೇ ಗೂಡು, ಅದೇ ಬಟ್ಟಲು.

ಕೋವಿಡ್‌ನಲ್ಲಿ, 2020ರ ಡಿಸೆಂಬರ್ 16ರಿಂದ ಉಸ್ತಾ ಅವರ ಅಂಗಡಿಯೂ ಮುಚ್ಚಿತು. ಹೋಟೆಲುಗಳಿಗಿಂತ ಮೊದಲೇ, 2021ರ ಮಾರ್ಚ್ 1ಕ್ಕೆ, ದೇಶದ ಕ್ಷೌರದ ಅಂಗಡಿಗಳೆಲ್ಲ ತೆರೆದವು. ದೇಹದ ಶುಚಿತ್ವಕ್ಕೆ, ವಯಸ್ಸಾದವರಿಗಂತೂ, ಇದು ಅಗತ್ಯ ಎಂದು ಸರ್ಕಾರವೇ ಕಾರಣ ಕೊಟ್ಟಿತ್ತು. ಆ ವಾರ ಸಾಲಿನಲ್ಲಿ ನಿಂತಾಗ ನನಗೆ ಹಬ್ಬದ ಸಂತೋಷವಾಗಿತ್ತು.

ಮರುವರ್ಷ ಊರಿಗೆ ಹೋದಾಗ ಕೊಲೋನ್ಯಾದ ಒಂದು ಸೀಸೆ ಒಯ್ದಿದ್ದೆ. ಅಜ್ಜ ಈಗ ಕೆಲಸ ಮಾಡುವುದಿಲ್ಲ, ಬಸ್ ನಿಲ್ದಾಣದ ಪಕ್ಕದಲ್ಲಿ ಮಗನ ಅಂಗಡಿ ಇದೆ. ಅಲ್ಲಿ ಬಾಗಿಲ ಬಳಿ ಕುಳಿತಿದ್ದರು. ಹತ್ತಿರ ಹೋಗಿ, “ಹೇಗಿದ್ದೀರಿ ಅಜ್ಜಾ, ನಿಮಗಾಗಿ ಇದು ತಂದಿದ್ದೇನೆ” ಎಂದೆ. ಅವರು ಎದ್ದು ನಿಲ್ಲಲು ಹೋದರು, ನಾನು ಭುಜ ಹಿಡಿದು ಕೂರಿಸಿದೆ.

“ಸಣ್ಣ ಗೌಡರೇ, ನಿಮ್ಮನ್ನು ಕೂಸಿದ್ದಾಗಿನಿಂದ ಕಂಡವನು ನಾನು. ನನಗೇಕೆ ಬಹುವಚನ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅವರ ಮಗ ಪಕ್ಕದ ಹೋಟೆಲಿನಿಂದ ಮೂರು ಚಹಾ ತರಿಸಿದ. ಅಜ್ಜ ಸೀಸೆಯ ಮುಚ್ಚಳ ತೆಗೆದು, ಅಂಗೈಗೆ ಸುರಿದುಕೊಂಡು, ಬಹಳ ಹೊತ್ತು ಮೂಸಿದರು. ಆಮೇಲೆ ಎರಡೂ ಕೈ ಚಾಚಿ ನನ್ನ ಕತ್ತಿನ ಹಿಂಭಾಗಕ್ಕೆ ಹಚ್ಚಿ, ಅಲ್ಲಿ ಬೆಳೆದಿದ್ದ ಕೂದಲನ್ನು ಬೆರಳಿನಿಂದ ಸವರಿ, “ಕುಳಿತುಕೊಳ್ಳಿ, ಇಲ್ಲಿ ಅವರು ಸರಿಯಾಗಿ ತೆಗೆದಿಲ್ಲ” ಎಂದು ಮಗನನ್ನು ಕತ್ತರಿ ಕೇಳಿದರು.