ಪಂಚ್ ಆಗದ ಟಿಕೆಟ್

"ಇದಕ್ಕೆ ಪಂಚ್ ಬೇಡ್ವಾ?" ಅಂತ ನನ್ನ ಗ್ರೂಪಿನ ಹಿರಿಯರೊಬ್ಬರು ಟ್ರೇನ್ ಟಿಕೆಟ್ ಹಿಡಿದು ಕೇಳಿದ್ದರು. "ಬೇಡ ಸರ್, ಮೆಷಿನ್ ಟಿಕೆಟ್ ಅಲ್ವಾ, ಡೇಟ್ ಪ್ರಿಂಟ್ ಆಗೇ ಬಂದಿದೆ" ಅಂದುಬಿಟ್ಟೆ. ಇದಾಗಿ ಎರಡು ವರ್ಷ. ಟಿಕೆಟ್ ಮೆಷಿನ್ ಮುಂದೆ ನಿಂತಾಗಲೆಲ್ಲ ಈ ಮಾತು ಇವತ್ತಿಗೂ ಚುಚ್ಚುತ್ತದೆ.

ನಾನು ಟೂರ್ ಮ್ಯಾನೇಜರ್. ಅವತ್ತು ಜರ್ಮನಿಯ ಮ್ಯೂನಿಕ್ ಏರ್‌ಪೋರ್ಟ್. ನನ್ನನ್ನೂ ಸೇರಿಸಿ ಹತ್ತು ಜನ. ನಮ್ಮನ್ನು ಊರಿಗೆ ಕರೆದೊಯ್ಯಬೇಕಿದ್ದ ಬಸ್ಸು, ಟ್ರಾನ್ಸ್‌ಫರ್ ಕೋಚ್, ಬರಲಿಲ್ಲ. ಡ್ರೈವರ್ ಓಡಿಸಬಹುದಾದ ಅವರ್ಸ್ ಮುಗಿದಿದೆ ಅಂತ ಅಲ್ಲಿನ ಏರ್ಪಾಡು ನೋಡಿಕೊಳ್ಳುವ ಲ್ಯಾಂಡ್ ಪಾರ್ಟಿಯಿಂದ ಮೆಸೇಜ್ ಬಂತು. ಬೆಂಗಳೂರಿನ ಆಪ್ಸ್‌ಗೆ, ಅಂದರೆ ನಮ್ಮ ಆಫೀಸಿನ ಆಪರೇಷನ್ಸ್‌ನವರಿಗೆ, ಫೋನ್ ಮಾಡಿದೆ. "ಟ್ರೇನ್‌ನಲ್ಲಿ ಕರ್ಕೊಂಡ್ ಹೋಗಿಬಿಡಿ, ನಲವತ್ತು ನಿಮಿಷ ಅಷ್ಟೇ" ಅಂದರು. ಹತ್ತು ಜನ, ಹದಿನೇಳು ಲಗೇಜು. ವೌಚರ್, ರೂಮಿಂಗ್ ಲಿಸ್ಟ್ ಎಲ್ಲದಕ್ಕೂ ನಮಗೆ ಟ್ರೇನಿಂಗ್ ಕೊಡುತ್ತಾರೆ. ಟಿಕೆಟ್ ಮೆಷಿನ್ ಬಗ್ಗೆ ಯಾರೂ ಒಂದು ಮಾತು ಹೇಳಿಕೊಟ್ಟಿರಲಿಲ್ಲ.

ಮೆಷಿನ್ ಮುಂದೆ ನಿಂತೆ. ಬೇಕಾಗಿದ್ದದ್ದು ಗ್ರೂಪ್ ಡೇ ಟಿಕೆಟ್. ಐದು ಜನ ದೊಡ್ಡವರ ತನಕ ಒಂದೇ ಟಿಕೆಟ್ ಸಾಕು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಾದರೆ ಇಬ್ಬರು ಸೇರಿ ಒಬ್ಬರ ಲೆಕ್ಕ. ಊರ ನಡುವಿನದು ಎಂ ಝೋನ್, ಏರ್‌ಪೋರ್ಟ್ ಇರುವುದು 5ನೇ ಝೋನ್‌ನಲ್ಲಿ. ಪಕ್ಕದಲ್ಲಿ ನಿಂತಿದ್ದ ಹಿರಿಯರು ಒಂದು ಸಲ ಮ್ಯಾಪ್ ನೋಡಿ, "ಓ, ನಮ್ಮ ಸ್ಟೇಜ್ ಇದ್ದ ಹಾಗೇ" ಅಂದರು. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಕೈಯಲ್ಲಿ ಹಿಡಿಯುವ ಟಿಕೆಟ್ ಮೆಷಿನ್ (ಇಟಿಎಂ) ಬರುವ ಮುಂಚೆ ಟಿಕೆಟ್ ಟ್ರೇ, ಪಂಚ್ ಹಿಡಿದು ತುಂಬಿದ ಬಸ್ಸಿನಲ್ಲಿ ಓಡಾಡಿದವರು. ಮಗಳು ದುಡ್ಡು ಕಟ್ಟಿ ಟೂರಿಗೆ ಕಳಿಸಿದ್ದಳು.

ಆಪ್ಸ್ ಕೊಟ್ಟ ಫೋರೆಕ್ಸ್ ಕಾರ್ಡ್ ಡಿಕ್ಲೈನ್ ಆಯಿತು. ಟಾಪ್‌ಅಪ್ ಮಾಡಿರಲಿಲ್ಲ. ನನ್ನ ಕಾರ್ಡ್ ಹಾಕಿದೆ, ಅದೂ ಆಗಲಿಲ್ಲ. ಎರಡು ತಿಂಗಳ ಹಿಂದೆ ಬದಲಾಗಿ ಬಂದ ಕಾರ್ಡ್ ಅದು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ, ಹೊಸ ಕಾರ್ಡ್‌ನಲ್ಲಿ ಹೊರದೇಶದ ಬಳಕೆ ನಾವಾಗಿ ಆನ್ ಮಾಡುವ ತನಕ ಆಫ್ ಇರುತ್ತದೆ. ಬ್ರೀಫಿಂಗ್‌ನಲ್ಲಿ ಪ್ಯಾಕ್ಸ್‌ಗೆಲ್ಲ, ಅಂದರೆ ಟೂರಿಗೆ ಬಂದವರಿಗೆಲ್ಲ, ಇದನ್ನು ಹೇಳಿದ್ದು ನಾನೇ. ನನ್ನದನ್ನು ಆನ್ ಮಾಡಿರಲಿಲ್ಲ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಯಾರೋ ಜೋರಾಗಿ ಉಸಿರು ಬಿಟ್ಟರು. ನನಗೆ ಕೈ ಬೆವರಿತು. ಪೆಟ್ಟಿ ಕ್ಯಾಶ್ ಕವರ್ ಹರಿದು, ಪ್ಯಾಕ್ಸ್ ಹತ್ತಿರ ಚಿಲ್ಲರೆ ಕೇಳಿ, ಒಂದೊಂದೇ ನೋಟು ತುರುಕಿ ಎರಡು ಟಿಕೆಟ್ ತೆಗೆದೆ. ಒಂದನ್ನು ನಾನು ಇಟ್ಟುಕೊಂಡೆ. ಎರಡನೇ ಐದು ಜನರ ಟಿಕೆಟನ್ನು ಆ ಹಿರಿಯರ ಕೈಗೆ ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹೆಬ್ಬೆರಳಿನಲ್ಲಿ ಅಂಚು ಸವರಿ ನೋಡಿದರು. ಪಂಚ್ ಬಗ್ಗೆ ಕೇಳಿದ್ದು ಆಗಲೇ. ನಾನು ಟಿಕೆಟ್ ಕಡೆ ನೋಡದೇ ಉತ್ತರ ಕೊಟ್ಟೆ. ನನ್ನ ಕಣ್ಣು ಇದ್ದದ್ದು ಬೋರ್ಡ್ ಮೇಲೆ. ಊರಿಗೆ ಹೋಗುವ ಎಸ್8 ಟ್ರೇನ್ ಹೊರಡಲು ಮೂರು ನಿಮಿಷ ಇತ್ತು. ಅದು ತಪ್ಪಿದರೆ ಸ್ವಲ್ಪ ಹೊತ್ತಿಗೆ ಎಸ್1 ಇರುತ್ತದೆ, ಅದೂ ಊರಿಗೇ ಹೋಗುತ್ತದೆ. ಅಷ್ಟು ಯೋಚಿಸುವ ತಾಳ್ಮೆ ನನಗಿರಲಿಲ್ಲ. ಎಲ್ಲರನ್ನೂ ಓಡಿಸಿದೆ. ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯಲ್ಲಿ ಚಿಕ್ಕದೊಂದು ನೀಲಿ ಡಬ್ಬಿ ಇತ್ತು. ಅದರ ಪಕ್ಕದಲ್ಲೇ ಹಾದು ಹೋದೆವು.

ಮ್ಯೂನಿಕ್‌ನಲ್ಲಿ ನಮ್ಮ ಮೆಟ್ರೋ ತರಹ ಗೇಟ್ ಇಲ್ಲ. ಯಾರೂ ತಡೆಯುವುದಿಲ್ಲ, ಸೀದಾ ಹೋಗಿ ಟ್ರೇನ್ ಹತ್ತಬಹುದು. ಆದರೆ ಮುದ್ರೆ ಬೇಕು ಅನ್ನುವ ಟಿಕೆಟನ್ನು ಹತ್ತುವ ಮುಂಚೆಯೇ ಆ ನೀಲಿ ಡಬ್ಬಿಗೆ ತೂರಿಸಿ ದಿನ, ಹೊತ್ತು ಬೀಳಿಸಿಕೊಳ್ಳಬೇಕು. ಟ್ರೇನ್ ಒಳಗೆ ಡಬ್ಬಿ ಇರುವುದಿಲ್ಲ.

ಉಂಟರ್‌ಫ್ಯೋರಿಂಗ್ ಸ್ಟೇಷನ್ ದಾಟಿದ ಮೇಲೆ ಇಬ್ಬರು ಎದ್ದು ನಿಂತರು. ಮಾಮೂಲಿ ಬಟ್ಟೆ. ಜೇಬಿನಿಂದ ಗುರುತಿನ ಕಾರ್ಡ್ ತೆಗೆದು ಟಿಕೆಟ್ ಕೇಳಿದರು. ನಾನು ಧೈರ್ಯವಾಗಿಯೇ ಕೊಟ್ಟೆ. ಚೆಕರ್ ಟಿಕೆಟನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. "ಬಿಟ್ಟೆ ಎಂಟ್‌ವೆರ್ಟನ್." ದಯವಿಟ್ಟು ಮುದ್ರೆ ಹಾಕಿ. ನಾನು ಡೇಟ್ ಅಂದುಕೊಂಡದ್ದು ಟಿಕೆಟ್ ಮಾರಿದ ಡೇಟ್.

ವಿವರಿಸಿದೆ. ಏರ್‌ಪೋರ್ಟ್‌ನಿಂದ ಈಗ ತಾನೇ ಬಂದೆವು, ಬೋರ್ಡಿಂಗ್ ಪಾಸ್ ನೋಡಿ ಅಂದೆ. ಆತ ಶಾಂತವಾಗಿ ಕೇಳಿಸಿಕೊಂಡ. ದಂಡ ತಲೆಗೆ 60 ಯೂರೋ ಅಂದ. ಹತ್ತು ಜನಕ್ಕೆ ಎಷ್ಟಾಗುತ್ತದೆ ಅಂತ ನನ್ನ ಗ್ರೂಪಿನ ಪ್ರತಿಯೊಬ್ಬರೂ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಓಸ್ಟ್‌ಬಾನ್‌ಹೋಫ್‌ನಲ್ಲಿ ಎಲ್ಲರನ್ನೂ ಇಳಿಸಿದರು. ಲಗೇಜಿನ ಗುಡ್ಡೆ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಿಂತೆವು. ಇಬ್ಬರೂ ತಮ್ಮತಮ್ಮಲ್ಲಿ ಮಾತಾಡಿಕೊಂಡು, ಕೊನೆಗೆ ಟಿಕೆಟ್ ಹಿಡಿದವರ ಹೆಸರಿಗೆ ಮಾತ್ರ ಬರೆಯುತ್ತೇವೆ ಅಂದರು. ಎರಡು ಚೀಟಿ, 120 ಯೂರೋ.

ಒಂದು ಚೀಟಿ ನನ್ನ ಹೆಸರಿಗೆ. ಇನ್ನೊಂದು ಅವರ ಹೆಸರಿಗೆ.

ಚೆಕರ್ ಪಾಸ್‌ಪೋರ್ಟ್ ನೋಡಿಕೊಂಡು ಒಂದೊಂದೇ ಅಕ್ಷರ ತುಂಬಿಸುತ್ತಿದ್ದ. ಅವರು ಕೈ ಕಟ್ಟಿ ನೋಡುತ್ತಾ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಮೆಲ್ಲಗೆ ಅಂದರು, "ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ನನ್ನ ಮೇಲೆ ಒಂದು ಮೆಮೊ ಇಲ್ಲ." ಅಷ್ಟೇ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು. ಎರಡೂ ದಂಡ ನಾನೇ ಕಟ್ಟಿದೆ. ಆದರೆ ಹೆಸರು ಅವರದೇ ಉಳಿಯಿತು.

ರಾತ್ರಿ ಊಟದ ಟೇಬಲ್‌ನಲ್ಲಿ ಕ್ಷಮೆ ಕೇಳಿದೆ. ಅವರು ಚೆಕರ್ ಪರವಾಗಿಯೇ ಮಾತಾಡಿದರು. "ಗುರುತು ಬೀಳದ ಟಿಕೆಟ್ ನಾಳೆನೂ ನಡೆಯುತ್ತೆ. ಅದನ್ನ ಯಾರು ಬಿಡ್ತಾರೆ?" ಟಿಕೆಟಿನ ಅಕ್ಷರ ಓದಬಲ್ಲವನು ನಾನು. ಅದು ಯಾಕಿದೆ ಅಂತ ಅರ್ಥ ಮಾಡಿಕೊಂಡದ್ದು ಅವರು, ಅದೂ ಜರ್ಮನ್‌ನ ಒಂದಕ್ಷರ ಬರದೇ.

ಆಫೀಸಿನಲ್ಲಿ ಕ್ಲೈಮ್ ಹಾಕಿದೆ, ರಿಜೆಕ್ಟ್ ಆಯಿತು. ಬೇಜಾರು ಅದಕ್ಕಲ್ಲ. ಬ್ರೀಫಿಂಗ್ ಶೀಟಿನಲ್ಲಿ ಒಂದು ಪುಟ ಸೇರಿಸಿ ಅಂತ ನಾಲ್ಕು ಸಲ ಮೇಲ್ ಮಾಡಿದ್ದೇನೆ. ಇಟಲಿಯಲ್ಲಿ ರೀಜನಲ್ ಟ್ರೇನಿನ ಕಾಗದದ ಟಿಕೆಟಿಗೂ ಹತ್ತುವ ಮುಂಚೆ ಮುದ್ರೆ ಬೇಕು. ಲಂಡನ್‌ನ ಬಸ್‌ಗಳಲ್ಲಿ 2014ರಿಂದ ನಗದು ನಡೆಯುವುದಿಲ್ಲ. ಅಲ್ಲಿನ ಮೆಟ್ರೋ ಆದ ಟ್ಯೂಬ್‌ನಲ್ಲಿ ಫೋನ್ ತೋರಿಸಿ ಒಳಗೆ ಹೋಗಿ, ಹೊರಗೆ ಬರುವಾಗ ಕಾರ್ಡ್ ತೋರಿಸಿದರೆ ಎರಡು ಸಲ ಜಾಸ್ತಿ ದುಡ್ಡು ಹೋಗುತ್ತದೆ. ಬ್ಯಾಂಕ್ ಖಾತೆ ಒಂದೇ ಆದರೂ ಅಷ್ಟೇ. ಇಂಥದ್ದು ಹೊಸಬರಿಗೆ ಯಾರು ಹೇಳಬೇಕು? ಆ ಪುಟ ಇನ್ನೂ ಬಂದಿಲ್ಲ. ನಾನೇ ಕೈಯಲ್ಲಿ ಬರೆದು ಹೊಸ ಟೂರ್ ಮ್ಯಾನೇಜರ್‌ಗಳಿಗೆ ಫೋಟೋ ಕಳಿಸುತ್ತೇನೆ. ಮತ್ತೆ ಈಗ ನಾನು ಒಂದು ಟ್ರೇನ್ ಬಿಟ್ಟೇ ಹತ್ತುವುದು. ಕ್ಯೂನಲ್ಲಿ ಹಿಂದಿದ್ದವರು ಅವಸರ ಮಾಡಿದರೆ ಅವರನ್ನು ಮುಂದೆ ಬಿಡುತ್ತೇನೆ.

ಮಾರನೇ ದಿನ ಓಸ್ಟ್‌ಬಾನ್‌ಹೋಫ್‌ನಲ್ಲಿ ಹೊಸ ಡೇ ಟಿಕೆಟ್ ತೆಗೆದೆವು. ಅವರು ಕೈ ಚಾಚಿದರು. ಎರಡೂ ಕೊಟ್ಟೆ. ನೀಲಿ ಡಬ್ಬಿಯ ಮುಂದೆ ನಿಂತು, ಬಾಣದ ಗುರುತು ಯಾವ ಕಡೆ ಅಂತ ನೋಡಿ, ಒಂದನ್ನು ತೂರಿಸಿದರು. ಟಕ್ ಅಂತು. ಕನ್ನಡಕ ಮೇಲೆತ್ತಿ ಹೊತ್ತು ಓದಿದರು. ಇನ್ನೊಂದನ್ನೂ ಹಾಕಿದರು. ಒಂದನ್ನು ನನಗೆ ಕೊಟ್ಟರು. ತಮ್ಮದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಮರಿಯನ್‌ಪ್ಲಾಟ್ಜ್‌ನಲ್ಲಿ ಇಳಿಯುವ ತನಕ ಬೆರಳ ನಡುವೆ ಹಿಡಿದುಕೊಂಡೇ ಕೂತಿದ್ದರು.