ಸನ್‌ಬೋರ್ಡ್ ಚೆಕ್ ಮೇಲೆ ನಾನೇ ಬರೆದ ನಂಬರು

ನಮ್ಮ ಆಫೀಸಿನ ಬೀರು ಹಿಂದೆ ಆರು ಅಡಿ ಉದ್ದದ ಒಂದು ಚೆಕ್ ಇದೆ. ಸನ್‌ಬೋರ್ಡ್‌ದು, ಅಂದ್ರೆ ಸ್ಟೇಜ್ ಮೇಲೆ ಹಿಡ್ಕೊಂಡು ತೋರ್ಸೋಕೆ ಅಂತ ಹಗುರ ಫೋಮ್ ಹಲಗೆ ಮೇಲೆ ಮಾಡ್ಸಿದ್ದು. ಕಸ ಗುಡಿಸೋಕೆ ಬರೋ ಅಮ್ಮ ವಾರಕ್ಕೊಂದ್ಸಲ ಕೇಳ್ತಾರೆ, ಇದನ್ನ ಎಸೀಲಾ ಅಂತ. ಬೇಡ ಇರ್ಲಿ ಅಂತೀನಿ. ಅದ್ರ ಮೇಲಿರೋ ಮೊತ್ತ ಬರ್ದಿದ್ದು ನಾನು, ಪರ್ಮನೆಂಟ್ ಮಾರ್ಕರ್‌ನಲ್ಲಿ, ಸ್ಟೇಜ್ ಹಿಂದೆ ನಿಂತ್ಕೊಂಡು. ಆ ಮೊತ್ತ ತಪ್ಪು. ಅಳ್ಸೋಕೂ ಬರಲ್ಲ.

ನಾನು ಒಂದು ಸರ್ವಿಸ್ ಕ್ಲಬ್‌ನಲ್ಲಿ ಆಫೀಸ್ ನೋಡ್ಕೊಳ್ಳೋ ಕೆಲ್ಸದಲ್ಲಿದೀನಿ. ಮೆಂಬರ್ ಅಲ್ಲ, ಸಂಬಳಕ್ಕಿರೋನು. ರೋಟರಿನಾ, ಲಯನ್ಸಾ, ಕಿವಾನಿಸಾ ಅಂತ ಊಹೆ ಮಾಡ್ತಾ ಕೂರ್ಬೇಡಿ, ಇದು ಯಾವ ಕ್ಲಬ್ಬಲ್ಲಾದ್ರೂ ಆಗೋ ಕಥೆ. ಮೀಟಿಂಗ್ ನೋಟೀಸು, ಅಟೆಂಡೆನ್ಸು, ಮಿನಿಟ್ಸು, ಡ್ಯೂಸ್ ಕಟ್ಟಿಲ್ಲ ಅಂತ ಮರ್ಯಾದೆಯಾಗಿ ನೆನಪಿಸೋದು, ರಸೀದಿ ಪುಸ್ತಕ, ಡಿಜಿ, ಅಂದ್ರೆ ಡಿಸ್ಟ್ರಿಕ್ಟ್ ಗವರ್ನರ್, ಅವ್ರ ವಿಸಿಟ್‌ಗೆ ಫೈಲ್ ರೆಡಿ ಮಾಡೋದು, ಎಲ್ಲಾ ನಂದೇ. ಜುಲೈ 1 ಬಂತು ಅಂದ್ರೆ ಹೊಸ ಪ್ರೆಸಿಡೆಂಟು, ಹೊಸ ಟ್ರೆಷರರು, ಹೊಸ ಲೆಟರ್‌ಹೆಡ್ಡು. ಹಳೇ ಟ್ರೆಷರರ್ ಒಂದು ಪೆನ್‌ಡ್ರೈವ್ ಕೈಗಿಟ್ಟು ನಕ್ಕೊಂಡು ಹೋಗ್ತಾರೆ. ಹನ್ನೆರಡು ತಿಂಗಳಲ್ಲಿ ಒಬ್ರು ಕೆಲ್ಸ ಕಲಿಯೋ ಹೊತ್ತಿಗೆ ಅವ್ರ ಅವಧಿ ಮುಗ್ದಿರುತ್ತೆ, ಹಾಗಾಗಿ ಕ್ಲಬ್ಬಿನ ನೆನಪು ಅಂತ ಏನಾದ್ರೂ ಇದ್ರೆ ಅದು ನನ್ನ ಲ್ಯಾಪ್‌ಟಾಪಲ್ಲಿರೋ ಎಕ್ಸೆಲ್ ಶೀಟು. ಆ ಹೆಮ್ಮೆನೇ ನನ್ನ ತಲೆ ಕೆಡಿಸಿದ್ದು ಅನ್ಸುತ್ತೆ.

ಹೋದ್ ವರ್ಷ ಚಾರಿಟಿ ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್ ಮಷೀನ್ ಕೊಡ್ಸೋದು ಅಂತ ಬೋರ್ಡ್ ಮೀಟಿಂಗಲ್ಲಿ ತೀರ್ಮಾನ ಆಯ್ತು. ಎರಡು ಮಷೀನು. ಅದಕ್ಕೊಂದು ಮ್ಯೂಸಿಕಲ್ ನೈಟ್, ಡೋನರ್ ಪಾಸು, ಸುವನೀರ್ ಜಾಹೀರಾತು, ಜೊತೆಗೆ ಕಾರ್ಯಕ್ರಮದ ದಿನ ಹಾಲ್‌ನಲ್ಲೇ ಪ್ಲೆಡ್ಜ್ ಕಾರ್ಡು. ನಾಲ್ಕು ತಿಂಗಳ ಓಡಾಟ. ಓಡಾಡಿದ್ದು ಬರೀ ಎಂಟ್ಹತ್ತು ಜನ, ಫೋಟೋದಲ್ಲಿ ಮೂವತ್ತೈದು ಜನ ಇದ್ದಾರೆ, ಅದು ಬಿಡಿ.

ಶೀಟಲ್ಲಿ ನಾನು ಮೂರು ಕಾಲಂ ಮಾಡ್ಕೊಂಡಿದ್ದೆ. ಒಂದ್ರಲ್ಲಿ ಬ್ಯಾಂಕಿಗೆ ಬಂದಿರೋ ದುಡ್ಡು. ಇನ್ನೊಂದ್ರಲ್ಲಿ ಪ್ಲೆಡ್ಜ್, ಅಂದ್ರೆ ಕೊಡ್ತೀನಿ ಅಂದಿರೋದು. ಮೂರನೇದ್ರಲ್ಲಿ ಕೈಂಡ್, ಅಂದ್ರೆ ದುಡ್ಡಿನ ಬದಲು ಸೇವೆಯಾಗಿ ಬಂದಿದ್ದು. ಸೌಂಡ್ ಸಿಸ್ಟಮ್‌ನೋರು ಬಾಡಿಗೆ ಬೇಡ ಅಂದಿದ್ರು, ಪ್ರಿಂಟಿಂಗ್ ಒಬ್ರು ಫ್ರೀ ಮಾಡ್ಕೊಟ್ಟಿದ್ರು, ಹಾಲ್‌ನೋರು ಅರ್ಧಕ್ಕೆ ಕೊಟ್ಟಿದ್ರು, ಅದ್ರದ್ದೆಲ್ಲಾ ಬೆಲೆ ಕಟ್ಟಿ ಆ ಕಾಲಂಗೆ ಹಾಕಿದ್ದು ಥ್ಯಾಂಕ್ಸ್ ಲೆಟರ್ ಬರೆಯೋವಾಗ ಬೇಕಾಗುತ್ತೆ ಅಂತ ಅಷ್ಟೇ. ಖರ್ಚು ಬೇರೆ ಟ್ಯಾಬಲ್ಲಿತ್ತು. ಕೈಂಡ್‌ನ ಒಂದ್ಕಡೆ ಆದಾಯ ಅಂತ ತೋರಿಸಿದ್ರೆ ಇನ್ನೊಂದ್ಕಡೆ ಅಷ್ಟೇ ಖರ್ಚೂ ತೋರಿಸ್ಬೇಕು, ಎರಡೂ ವಜಾ ಆಗಿ ಹೋಗುತ್ತೆ, ಇದು ನಂಗೆ ಗೊತ್ತಿಲ್ಲದ ವಿಷ್ಯ ಏನಲ್ಲ. ಆದ್ರೆ ಮೂರೂ ಕಾಲಂ ಸೇರಿಸಿ ಕೆಳಗೊಂದು ಟೋಟಲ್ ಬರೋ ಹಾಗೆ ಯಾವಾಗ್ಲೋ ಫಾರ್ಮುಲಾ ಹಾಕಿಟ್ಟಿದ್ದೆ. ಯಾಕೆ ಹಾಕ್ದೆ ಅಂತ ಇವತ್ತಿಗೂ ನೆನಪಿಲ್ಲ. ಪಿಪಿ, ಅಂದ್ರೆ ಪಾಸ್ಟ್ ಪ್ರೆಸಿಡೆಂಟ್ ಒಬ್ರು "ಒಟ್ಟು ಎಷ್ಟಾಯ್ತಪ್ಪಾ" ಅಂತ ದಿನಾ ಫೋನ್ ಮಾಡ್ತಿದ್ರು, ಅವ್ರ ಕಾಟಕ್ಕೇ ಇರ್ಬೇಕು.

ಈಗ ಆ ರಾತ್ರಿ. ಎಂಟೂ ಮುಕ್ಕಾಲು. ಕೊನೆ ಹಾಡಿಗೆ ಮುಂಚೆ ಚೆಕ್ ಹಸ್ತಾಂತರ. ಸನ್‌ಬೋರ್ಡ್ ಪ್ರಿಂಟ್ ಆಗಿ ಬಂದಿತ್ತು, ಮೊತ್ತದ ಜಾಗ ಖಾಲಿ ಬಿಡ್ಸಿದ್ವಿ, ಕೊನೆ ಗಳಿಗೆವರೆಗೂ ಕಲೆಕ್ಷನ್ ಬರುತ್ತೆ ಅಂತ. ಹಾಲಲ್ಲಿ ಪ್ಲೆಡ್ಜ್ ಕಾರ್ಡ್ ಒಟ್ಟು ಮಾಡ್ತಿದ್ದ ಹುಡುಗ್ರು ಒಂದೊಂದೇ ಕಂತೆ ತಂದು ನನ್ನ ಮುಂದೆ ಹಾಕ್ತಿದ್ರು, ನಾನು ಮಂಡಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕುಟ್ತಾ ಇದ್ದೆ, ಚಾರ್ಜ್ 6 ಪರ್ಸೆಂಟು, ಪ್ಲಗ್ ಪಾಯಿಂಟ್‌ನೆಲ್ಲಾ ಕೀಬೋರ್ಡ್‌ನೋರು ಹಿಡ್ಕೊಂಡಿದ್ರು. ಎಂಸಿ ಮೈಕಲ್ಲಿ "ಎಲ್ಲರೂ ಕಾಯ್ತಿರೋ ಆ ಕ್ಷಣ" ಅಂತ ಶುರು ಹಚ್ಕೊಂಡಾಯ್ತು. ಪ್ರೆಸಿಡೆಂಟ್ ಪರದೆ ಪಕ್ಕದಿಂದ ಕತ್ತು ಹಾಕಿ ಕೇಳಿದ್ರು.

"ನಂಬರ್ ಎಷ್ಟ್ರೀ?"

"ಒಂದ್ನಿಮಿಷ ಸರ್."

"ಒಂದ್ನಿಮಿಷ ಇಲ್ಲಾರೀ, ಕರೀತಿದಾರೆ."

ಶೀಟ್ ಕೆಳಗೆ ಸ್ಕ್ರೋಲ್ ಮಾಡ್ದೆ. ಟೋಟಲ್ ಕಾಣ್ತು. ದೊಡ್ಡದಿತ್ತು. ಇಲ್ಲೇ ನಾನು ಸುಳ್ಳು ಹೇಳ್ಬಾರ್ದು: ನೋಡಿದ ತಕ್ಷಣ ಜಾಸ್ತಿ ಅನ್ನಿಸ್ತು. ಮಧ್ಯಾಹ್ನ ಬ್ಯಾಂಕ್ ಬ್ಯಾಲೆನ್ಸ್ ನೋಡಿದ್ದೆ, ಇದು ಅದಕ್ಕಿಂತ ತುಂಬಾ ಮೇಲಿತ್ತು. ಆದ್ರೆ ಜಾಸ್ತಿ ಅನ್ನಿಸಿದ್ದಕ್ಕೆ ಭಯ ಆಗ್ಲಿಲ್ಲ, ಖುಷಿ ಆಯ್ತು. ನಾಲ್ಕು ತಿಂಗಳು ನಿದ್ದೆಗೆಟ್ಟಿದ್ದಕ್ಕೆ ಇಷ್ಟಾದ್ರೂ ಬರ್ಬೇಕಲ್ಲ ಅಂತ ಮನಸ್ಸೇ ಸಮಾಧಾನ ಹೇಳ್ಬಿಡ್ತು. ಅದೇ ನಂಬರ್ ಕಮ್ಮಿ ಕಂಡಿದ್ರೆ ನೂರು ಸಲ ಚೆಕ್ ಮಾಡ್ತಿದ್ದೆ, ಎಂಸಿ ಗಂಟಲು ಹರ್ಕೊಂಡ್ರೂ ಬಿಡ್ತಿರ್ಲಿಲ್ಲ. ಮಾರ್ಕರ್ ಮುಚ್ಚಳ ಹಲ್ಲಲ್ಲಿ ಕಿತ್ತು ಬರ್ದೇ ಬಿಟ್ಟೆ. ಅಕ್ಷರದಲ್ಲೂ ಬರ್ದೆ, ಜೊತೆಗೆ "ಮಾತ್ರ" ಅಂತ ಬೇರೆ.

ಚೆಕ್ ಸ್ಟೇಜಿಗೆ ಹೋಯ್ತು. ಚಪ್ಪಾಳೆ. ಆಸ್ಪತ್ರೆ ಮುಖ್ಯಸ್ಥರು, ತುಂಬಾ ಒಳ್ಳೇ ಮನುಷ್ಯ, ಚೆಕ್ ಕಡೆ ಎರಡು ಸಲ ನೋಡಿ ಮೈಕ್ ತಗೊಂಡ್ರು. "ನಾವು ಎರಡು ಮಷೀನ್ ಕೇಳಿದ್ವಿ, ಈ ಮೊತ್ತದಲ್ಲಿ ಮೂರು ಬರುತ್ತೆ, ಮೂರು ಹಾಕ್ತೀವಿ" ಅಂದ್ರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನನ್ನ ಪಕ್ಕ ಟ್ರೆಷರರ್ ಮೇಡಂ ನಿಂತಿದ್ರು, ಅವ್ರು ಮಾತ್ರ ಚಪ್ಪಾಳೆ ಹೊಡೀಲಿಲ್ಲ. ಮೆಲ್ಲಗೆ ಕೇಳಿದ್ರು, "ಇದ್ರಲ್ಲಿ ಪ್ಲೆಡ್ಜೂ ಸೇರಿದ್ಯಾ?"

ನಂಗೆ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯ್ತು. ಲ್ಯಾಪ್‌ಟಾಪ್ ತೆಗೆಯೋಣ ಅಂದ್ರೆ ಆಫ್ ಆಗಿತ್ತು. ಆದ್ರೆ ನೋಡೋ ಅವಶ್ಯಕತೆನೂ ಇರ್ಲಿಲ್ಲ, ಪ್ರಶ್ನೆ ಕಿವಿಗೆ ಬಿದ್ದ ಕೂಡ್ಲೇ ಆ ಫಾರ್ಮುಲಾ ಇಡೀ ಕಣ್ಮುಂದೆ ಬಂತು. ಪ್ಲೆಡ್ಜ್ ಸೇರಿದೆ, ಕೈಂಡೂ ಸೇರಿದೆ, ಖರ್ಚು ಕಳೆದೇ ಇಲ್ಲ.

ವೋಟ್ ಆಫ್ ಥ್ಯಾಂಕ್ಸ್‌ಗೆ ಇನ್ನೂ ಹನ್ನೊಂದು ನಿಮಿಷ ಇತ್ತು. ಆಮೇಲೆ ವಿಡಿಯೋ ಹಾಕ್ಕೊಂಡು ಲೆಕ್ಕ ಮಾಡಿದೀನಿ, ಅದಕ್ಕೇ ಸರಿಯಾಗಿ ಗೊತ್ತು. ಒಂದು ಚೀಟಿ ಬರ್ದು ಪ್ರೆಸಿಡೆಂಟ್ ಕೈಗೆ ಕಳ್ಸಿದ್ರೆ ಸಾಕಿತ್ತು, "ಭರವಸೆಗಳೂ ಸೇರಿ" ಅಂತ ಎರಡು ಪದ ಮೈಕಲ್ಲಿ ಸೇರಿಸಿದ್ರೆ ಮರ್ಯಾದೆ ಉಳೀತಿತ್ತು. ನಾನು ಕಳ್ಸಲಿಲ್ಲ. ಪರದೆ ಹಗ್ಗ ಹಿಡ್ಕೊಂಡು ನಿಂತಿದ್ದೆ. ಇಷ್ಟು ಜನ ಖುಷಿಯಾಗಿದಾರೆ, ಈಗ ಹೇಳಿದ್ರೆ ಎಲ್ಲಾರ ಮುಖ ಕೆಡುತ್ತೆ, ಸೋಮವಾರದಿಂದ ಫೋನ್ ಮಾಡಿ ಪ್ಲೆಡ್ಜೆಲ್ಲಾ ವಸೂಲಿ ಮಾಡಿದ್ರಾಯ್ತು ಅಂತ ನಂಗೆ ನಾನೇ ಹೇಳ್ಕೊಂಡೆ. ಫಾರ್ಮುಲಾ ತಪ್ಪಾಗಿದ್ದು ಕಣ್ತಪ್ಪು ಅಂತ ಬಿಡ್ಬಹುದು. ಆ ಹನ್ನೊಂದು ನಿಮಿಷಕ್ಕೆ ಯಾವ ಹೆಸ್ರಿಡೋದು.

ಮನೆ ಮುಟ್ಟೋ ಮುಂಚೆನೇ ವಾಟ್ಸಾಪ್‌ನಲ್ಲಿ ಚೆಕ್ ಫೋಟೋ ನಂಗೇ ನಾಲ್ಕು ಗ್ರೂಪಿಂದ ಬಂತು. ಡಿಸ್ಟ್ರಿಕ್ಟ್ ನ್ಯೂಸ್‌ಲೆಟರ್‌ಗೂ ಹೋಯ್ತು. ನಾವು ಕಣ್ಣಿನ ಕ್ಯಾಂಪ್ ರಿಪೋರ್ಟ್ ಅಪ್‌ಲೋಡ್ ಮಾಡೋಕೆ ಹೋದ್ರೆ ಮೂರು ದಿನ ಟೈಮ್‌ಔಟ್ ಆಗೋ ಪೋರ್ಟಲ್ಲು, ಈ ತಪ್ಪು ನಂಬರನ್ನ ಮಾತ್ರ ಒಂದೇ ಏಟಿಗೆ ತಗೊಳ್ತು. ಆಮೇಲೆ ತಿದ್ದೋಕೆ ಹೋದ್ರೆ ಸಬ್‌ಮಿಟ್ ಆದ್ಮೇಲೆ ಎಡಿಟ್ ಇಲ್ಲ, ಇವ್ರಿಗೆ ಮೇಲ್ ಮಾಡಿ, ಅವ್ರು ಇನ್ನೊಬ್ರಿಗೆ ಮಾಡ್ತಾರೆ.

ದುಡ್ಡಿನ ಲೆಕ್ಕ ಹೀಗಿತ್ತು. ಚೆಕ್ ಮೇಲಿದ್ದಿದ್ದು 100 ಅಂತ ಇಟ್ಕೊಳ್ಳಿ. ಅದ್ರಲ್ಲಿ ಬ್ಯಾಂಕಲ್ಲಿದ್ದಿದ್ದು 58. ಪ್ಲೆಡ್ಜ್ 23. ಕೈಂಡ್ 19, ಅದು ಅವತ್ತೇ ಹಾಡಾಗಿ, ಪಾಂಪ್ಲೆಟ್ ಆಗಿ ಖಾಲಿ. ಕಲಾವಿದರು, ಲೈಟು, ಹಾಲ್ ಬಾಡಿಗೆ ಅಂತ ಖರ್ಚು 17. ಅಂದ್ರೆ ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಕೊಡೋಕೆ ನಿಜವಾಗ್ಲೂ ಇದ್ದಿದ್ದು 41. ಒಂದು ಮಷೀನ್‌ಗೆ 33 ಬೇಕು.

ಮೂರು ತಿಂಗಳು ಪ್ಲೆಡ್ಜ್ ಬೆನ್ನು ಹತ್ತಿದೆ. ಕೈ ಎತ್ತಿದೋರೆಲ್ಲಾ ಕೆಟ್ಟೋರು ಅಂತಲ್ಲ. ಹಾಡು, ಬೆಳಕು, ಪಕ್ಕದ ಸೀಟೋರು ಎತ್ತಿದ್ರು ಅಂತ ಎತ್ತಿರ್ತಾರೆ, ಬೆಳಿಗ್ಗೆ ಎದ್ದಾಗ ಅದು ಬೇರೆ ಯಾರೋ ಮಾಡಿದ ಕೆಲ್ಸದ ಥರ ಕಾಣುತ್ತೆ. ಕೆಲವು ಕಾರ್ಡಲ್ಲಿ ಹೆಸ್ರಿತ್ತು, ನಂಬರ್ ಇರ್ಲಿಲ್ಲ. ಒಂದ್ರಲ್ಲಿ ನಂಬರ್ ಇತ್ತು, ಫೋನ್ ಎತ್ತಿದೋರು "ಅವ್ರು ನಮ್ಮ ಹಳೇ ಬಾಡಿಗೆಯವ್ರು" ಅಂದ್ರು. ದೊಡ್ಡ ಪ್ಲೆಡ್ಜ್ ಮಾಡಿದ್ದ ಒಬ್ರು ಕೊನೆಗೆ ದುಡ್ಡಿನ ಬದಲು ತಮ್ಮ ಅಂಗಡಿಯ ಬೆಡ್‌ಶೀಟ್ ಕಳ್ಸಿದ್ರು, ಮೂರು ಗಂಟು. ಆಸ್ಪತ್ರೆಯವ್ರು ತಗೊಂಡ್ರು ಪಾಪ. 23ರಲ್ಲಿ 14 ಬಂತು. ಒಟ್ಟು 55.

ಇಷ್ಟರೊಳಗೆ ಆಸ್ಪತ್ರೆಯವ್ರು ಚೆಕ್ ಮೇಲಿನ ನಂಬರ್ ನಂಬಿ ಕೆಲ್ಸ ಶುರು ಮಾಡ್ಬಿಟ್ಟಿದ್ರು. ಡಯಾಲಿಸಿಸ್ ಅಂದ್ರೆ ಮಷೀನ್ ತಂದು ಪ್ಲಗ್ ಹಾಕೋದಲ್ಲ. ಒಬ್ಬ ರೋಗಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದ್ಸಲ ಸುಮಾರು ನಾಲ್ಕು ಗಂಟೆ, ಪ್ರತಿ ಸಲ 120 ಲೀಟರ್ ಆಸುಪಾಸು ಶುದ್ಧ ಮಾಡಿದ ನೀರು ಬೇಕು. ಅದಕ್ಕೆ ಆರ್‌ಓ ಪ್ಲಾಂಟು, ಪೈಪ್‌ಲೈನು, ಡ್ರೈನು, ಟೆಕ್ನಿಷಿಯನ್ನು. ಮೂರು ಬೆಡ್‌ಗೆ ಅಂತ ಗೋಡೆ ಒಡೆದು ಮೂರು ಪಾಯಿಂಟ್ ಎಳೆಸಿದ್ರು, ತಮ್ಮ ಖರ್ಚಲ್ಲಿ. ಮಷೀನ್‌ಗೆ ರಿಬ್ಬನ್ ಕಟ್ಟಿ ಕಟ್ ಮಾಡ್ಬಹುದು, ಆರ್‌ಓ ಪ್ಲಾಂಟ್ ಮುಂದೆ ನಿಂತು ಯಾರೂ ಫೋಟೋ ತೆಗೆಸ್ಕೊಳ್ಳಲ್ಲ ಅಲ್ವಾ, ಹಾಗಾಗಿ ನಮ್ಮ ಬೋರ್ಡಲ್ಲಿ ಅದ್ರ ಮಾತೇ ಬಂದಿರ್ಲಿಲ್ಲ. ರೋಟರಿಯವ್ರ ಮೊದಲ ಸಾರ್ವಜನಿಕ ಕೆಲ್ಸ ಶಿಕಾಗೋದಲ್ಲಿ ಶೌಚಾಲಯ ಮಾಡ್ಸಿದ್ದು. 1907ರಲ್ಲಿ ಶುರು ಮಾಡಿದ್ದಂತೆ. ಅದಕ್ಕೆ ಯಾರು ಎಷ್ಟುದ್ದದ ಚೆಕ್ ಹಿಡ್ಕೊಂಡಿದ್ರೋ.

ತುರ್ತು ಬೋರ್ಡ್ ಮೀಟಿಂಗ್ ಕರೆದ್ರು. ನಾನು ಮಿನಿಟ್ಸ್ ಬರೀತಾ ಕೂತಿದ್ದೆ, ಅಂದ್ರೆ ನನ್ನ ತಪ್ಪನ್ನ ನಾನೇ ಪಾಸ್ಟ್ ಟೆನ್ಸಲ್ಲಿ ಬರೀತಿದ್ದೆ. ಮೊದ್ಲು ಹತ್ತು ನಿಮಿಷ ಎಲ್ರೂ ಎಕ್ಸೆಲ್‌ನ ಬೈದ್ರು, ಅದು ನನ್ನ ಮೇಲಿನ ಮರ್ಯಾದೆಗೆ ಅಂತ ಅರ್ಥ ಆಯ್ತು. ಆಮೇಲೆ ದಿನಾ ಫೋನ್ ಮಾಡ್ತಿದ್ದ ಅದೇ ಪಿಪಿ ಒಂದು ಐಡಿಯಾ ಕೊಟ್ರು: ಕಣ್ಣಿನ ಕ್ಯಾಂಪ್‌ಗೆ ಅಂತ ಬಂದಿರೋ ದುಡ್ಡು ಪ್ರಾಜೆಕ್ಟ್ ಅಕೌಂಟಲ್ಲಿ ಸುಮ್ನೆ ಕೂತಿದೆಯಲ್ಲ, ಅದನ್ನ ಇಲ್ಲಿಗೆ ತಿರುಗ್ಸಿ, ಮುಂದಿನ ವರ್ಷದವ್ರು ನೋಡ್ಕೋತಾರೆ.

ಸುಮಾರು ತಲೆಗಳು ಆಡಿದ್ವು. ನಂದೂ ಆಡ್ತಿತ್ತೇನೋ, ಟ್ರೆಷರರ್ ಮೇಡಂ ಮಾತ್ರ ಪೆನ್ ಮುಚ್ಚಿಟ್ಟು ಹೇಳಿದ್ರು. "ಕಣ್ಣಿಗೆ ಅಂತ ಕೊಟ್ಟಿದ್ದು ಕಿಡ್ನಿಗೆ ಹೋಗಲ್ಲ ಸರ್."

ಅಷ್ಟೇ. ಕಾನೂನು ಗೀನೂನು ಓದ್ಲಿಲ್ಲ. ಲಯನ್ಸ್‌ನೋರಲ್ಲಿ ಸಾರ್ವಜನಿಕರ ಹತ್ರ ಎತ್ತಿದ ದುಡ್ಡನ್ನ ಕ್ಲಬ್ ಖರ್ಚಿಗೆ ಮುಟ್ಟೋ ಹಾಗಿಲ್ಲ, ಅಡ್ಮಿನ್ ಬೇರೆ, ಆಕ್ಟಿವಿಟಿ ಬೇರೆ ಅಂತ ನಿಯಮಾನೇ ಇದೆ. ನಮ್ಮಲ್ಲೂ ಎರಡು ಅಕೌಂಟಿದೆ. ಆದ್ರೆ ಒಂದು ಪ್ರಾಜೆಕ್ಟಿಂದ ಇನ್ನೊಂದಕ್ಕೆ ಅಂದಾಗ ಎಲ್ಲಾರ್ಗೂ ಅದು ಒಂದೇ ಜೇಬು ಅನ್ಸುತ್ತೆ. ಕನ್ನಡಕಕ್ಕೆ ಅಂತ ಯಾರೋ ಒಬ್ರು ಕೊಟ್ಟಿರ್ತಾರೆ, ಅವ್ರಮ್ಮನಿಗೆ ಪೊರೆ ಬಂದಿತ್ತೋ ಏನೋ, ನಮಗೆ ಗೊತ್ತಿರಲ್ಲ. ಆ ಮೇಡಂನ ಜುಲೈ 1ಕ್ಕೆ ಬದಲಾಯಿಸಿದ್ರು, ಅವಧಿ ಮುಗೀತು ಅಂತ. ಇಂಥೋರನ್ನೇ ಬದಲಾಯಿಸ್ಬೇಕು ನೋಡಿ ನಮ್ಮ ಪದ್ಧತೀಲಿ.

ಎರಡನೇ ಮಷೀನ್‌ಗೆ 11 ಕಮ್ಮಿ ಬಿದ್ದಿದ್ದನ್ನ ಪ್ರೆಸಿಡೆಂಟೂ ಮೂರು ಜನ ಪಿಪಿಗಳೂ ಕೈಯಿಂದ ಹಾಕಿದ್ರು. ಐಡಿಯಾ ಕೊಟ್ಟಿದ್ದ ಪಿಪಿನೂ ಹಾಕಿದ್ರು, ಎಲ್ಲಾರ್ಗಿಂತ ಜಾಸ್ತಿ, ಅದನ್ನೂ ಹೇಳ್ಬೇಕು. ಆಸ್ಪತ್ರೆಗೆ ಹೋಗಿ ಮೂರಲ್ಲ ಎರಡು ಅಂತ ಹೇಳೋ ಕೆಲ್ಸ ಮಾತ್ರ ನಂಗೇ ಕೊಡಿ ಅಂತ ನಾನೇ ಕೇಳ್ಕೊಂಡೆ. ಮುಖ್ಯಸ್ಥರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ವೆಯ್ಟಿಂಗ್ ಲಿಸ್ಟ್ ಅಂತ ಒಂದು ಪುಸ್ತಕ ತೆಗೆದು, ಮೂರನೇ ಮಷೀನ್ ಅಂತ ಅಂದ್ಕೊಂಡು ಟೈಮ್ ಕೊಟ್ಟಿದ್ದ ಹೆಸರುಗಳ ಮುಂದೆ ಪೆನ್ಸಿಲಲ್ಲಿ ಗುರುತು ಹಾಕ್ತಾ ಹೋದ್ರು. ನಾನು ಎದುರಿಗೇ ಕೂತಿದ್ದೆ.

ಅವತ್ತಿಂದ ಶೀಟಲ್ಲಿ ಟೋಟಲ್ ಸಾಲು ಇಲ್ಲ. ಕೈಂಡ್ ಬೇರೆ ಫೈಲು. ಪ್ಲೆಡ್ಜ್ ಕಾರ್ಡಿಗೆ ಫೋನ್ ನಂಬರೂ ತಾರೀಕೂ ಸಹಿಯೂ ಇಲ್ಲ ಅಂದ್ರೆ ಎಂಟ್ರಿನೇ ಮಾಡಲ್ಲ. ರೋಟರಿ ಫೌಂಡೇಶನ್‌ಗೆ ಮೊಟ್ಟಮೊದಲು ಬಂದ ದೇಣಿಗೆ ಕಾನ್ಸಾಸ್ ಸಿಟಿ ಕ್ಲಬ್ಬಿಂದ 26.50 ಡಾಲರ್, ನೂರು ವರ್ಷದ ಮೇಲಾದ್ರೂ ಆ ಐವತ್ತು ಸೆಂಟನ್ನೂ ಬಿಡದೆ ಹೇಳ್ತಾರೆ. ಮುಂಚೆ ಇದನ್ನ ಕೇಳಿದಾಗ ನಗು ಬರ್ತಿತ್ತು. ಈಗ ಆ ಐವತ್ತು ಸೆಂಟ್ ಬರ್ಕೊಂಡ ಗುಮಾಸ್ತ ಯಾರೋ ಅವ್ರಿಗೆ ಕೈ ಮುಗೀಬೇಕು ಅನ್ಸುತ್ತೆ.

ಈ ವರ್ಷದ ಪ್ರೆಸಿಡೆಂಟ್ ಮೊನ್ನೆ ಬಂದಿದ್ರು, ಚಾರಿಟಿ ನೈಟ್ ಡೇಟ್ ಫಿಕ್ಸ್ ಆಗಿದೆ, ದೊಡ್ಡ ಚೆಕ್‌ಗೆ ಆರ್ಡರ್ ಕೊಡಿ ಅಂದ್ರು. ನಂಬರ್ ಕಾರ್ಯಕ್ರಮ ಆಗಿ 45 ದಿನಕ್ಕೆ ಕೊಡ್ತೀನಿ ಸರ್ ಅಂದೆ. "ಹಂಗಾದ್ರೆ ಸ್ಟೇಜ್ ಮೇಲೆ ಏನ್ರೀ ಹಿಡ್ಕೊಳ್ಳೋದು?" ಅಂದ್ರು. ಹಳೇದೇ ಇದೆ ಸರ್, ತಿರುಗಿಸಿದ್ರೆ ಹಿಂಬದಿ ಖಾಲಿ ಇದೆ ಅಂದೆ. ಅವ್ರಿಗೆ ಕಥೆ ಗೊತ್ತಿಲ್ಲ, ಹೋದ್ ವರ್ಷ ಅವ್ರು ಆ ಫಂಕ್ಷನ್‌ಗೇ ಬಂದಿರ್ಲಿಲ್ಲ. ಬೀರು ಹಿಂದೆ ಬಗ್ಗಿ ನೋಡಿ "ಅಬ್ಬಾ, ಇಷ್ಟು ಕಲೆಕ್ಷನ್ ಆಗಿತ್ತಾ!" ಅಂದ್ರು.